ಪ್ರತಿಕ್ರಿಯೆ: ಸ್ವೀಡನ್‌ಗೆ ಆರು ಗೆಳೆಯರು, ಒಂದೇ ವೀಸಾ ಅರ್ಜಿ ಸಾಕೇ?

ಸಾಕಾಗಲ್ಲ. ಕಾಲೇಜಿನ ಅಧ್ಯಯನ ಪ್ರವಾಸವೇ ಆದರೂ ಆರೂ ಜನ ಬೇರೆ ಬೇರೆ ಷೆಂಗೆನ್ ವೀಸಾ (ಸ್ವೀಡನ್, ಡೆನ್ಮಾರ್ಕ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿ ಹಾಕಿ, ಬೆರಳಚ್ಚು ಕೊಡಬೇಕು. ಹೊರಡುವ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹೊರಡುವ 15 ದಿನ ಮೊದಲು ಎಂಬುದು ಕಡೇ ಗಡುವು, ಅಲ್ಲಿವರೆಗೂ ಕಾಯಬೇಡಿ. ಪ್ರವಾಸದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಇರಲಿ, ವಾಪಸ್ ಬರುವ ದಿನವೂ ಅದರೊಳಗೆ ಬರಲಿ.

ಎಡವಟ್ಟಾಗುವುದು ಹಾಸ್ಟೆಲ್ ಬುಕಿಂಗ್‌ನಲ್ಲಿ. ಒಬ್ಬನ ಹೆಸರಲ್ಲಿ ಮಾಡಿಸಿದರೆ ಉಳಿದ ಐವರ ತಂಗುವಿಕೆಗೆ ಪುರಾವೆಯೇ ಇರಲ್ಲ. ಆರೂ ಹೆಸರು ಬರೆಸಿ, ಪ್ರತಿ ಅರ್ಜಿಗೂ ಒಂದು ಪ್ರತಿ ಲಗತ್ತಿಸಿ. ಅಪ್ಪ ಖರ್ಚು ಕೊಡುವುದಾದರೆ ಅವರ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಅರ್ಜಿ ಹಾಕುವ ಹಿಂದಿನ ವಾರ ಖಾತೆಗೆ ದಿಢೀರನೆ ದುಡ್ಡು ತುಂಬಿಸಿದರೆ ಅನುಮಾನ ಬರುತ್ತೆ.

ಸ್ವೀಡನ್ನಿನ ಮಾಲ್ಮೋದಿಂದ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಇದೇ ವೀಸಾ ನಡೆಯುತ್ತೆ, ಪಾಸ್‌ಪೋರ್ಟ್ ಮಾತ್ರ ಜೇಬಲ್ಲಿರಲಿ. ಆದರೆ ಡೆನ್ಮಾರ್ಕಿನಲ್ಲೇ ಹೆಚ್ಚು ದಿನ ಇರುವುದಾದರೆ ಅರ್ಜಿ ಡೆನ್ಮಾರ್ಕಿಗೇ ಹಾಕಬೇಕು.