ವರ್ಷಕ್ಕೊಮ್ಮೆ ಸತ್ಯವೇದ ಓದುವ ಗುರಿ ನಡುವೆಯೇ ನಿಲ್ಲುವುದರ ಬಗ್ಗೆ

ಒಂದೇ ವರ್ಷದಲ್ಲಿ ಇಡೀ ಸತ್ಯವೇದವನ್ನು (ಬೈಬಲನ್ನು) ಓದಿ ಮುಗಿಸುವ ನಿಮ್ಮ ತೀರ್ಮಾನ ಪ್ರತಿ ಸಲವೂ ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡದ ಬಳಿಯೇ ನಿಂತುಹೋಗುವುದಕ್ಕೆ ಕಾರಣ ಬಹುಶಃ ನಂಬಿಕೆಯ ಕೊರತೆಯಲ್ಲ, ಲೆಕ್ಕ ಹಾಕದೆ ಇಟ್ಟುಕೊಂಡ ಗುರಿ: 1,189 ಅಧ್ಯಾಯಗಳೆಂದರೆ ದಿನಕ್ಕೆ 3ಕ್ಕಿಂತ ಹೆಚ್ಚು, 4 ದಿನ ತಪ್ಪಿದರೆ 13 ಬಾಕಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂಬ ಯೇಸುವಿನ ಮಾತು (ಲೂಕ 14:28) ಶಿಷ್ಯತ್ವದ ಕುರಿತಾದದ್ದಾದರೂ ಇಲ್ಲಿಗೂ ಒಪ್ಪುತ್ತದೆ.

ಮೊದಲು ಪ್ರಾರ್ಥಿಸಿ, ಈ ಓದಿನಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಗಬೇಕೆಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಆಮೇಲೆ 16 ಅಧ್ಯಾಯಗಳ ಮಾರ್ಕನ ಸುವಾರ್ತೆಯನ್ನು ದಿನಕ್ಕೊಂದರಂತೆ ಓದುತ್ತಾ, ಆ ದಿನವೇ ಮಾಡಬಹುದಾದ ಒಂದು ಕೆಲಸವನ್ನು, ಮಾತು ಬಿಟ್ಟ ಅಣ್ಣನಿಗೆ ಫೋನ್ ಮಾಡುವಂಥದ್ದನ್ನು, ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತಿಸಿ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಗುರುತುಗಳನ್ನು ಸಭೆಯ ಒಬ್ಬ ಹಿರಿಯರಿಗೆ ತೋರಿಸಿ. ಬೆಳಗಿನ ಹೊತ್ತು ಒಳ್ಳೆಯದೋ ರಾತ್ರಿಯೋ ಎಂಬುದು ನಿಮ್ಮ ಕೆಲಸದ ಪಾಳಿಯನ್ನು ಅವಲಂಬಿಸಿರುವುದರಿಂದ, ಮೊದಲ ವಾರ ಎರಡನ್ನೂ ಪ್ರಯತ್ನಿಸಿ ನೋಡಿ.