ಮಕ್ಕಳು ಬೇಗ ಹುಟ್ಟಿದ್ದು ಹರಕೆ ಬಾಕಿ ಇದ್ದಿದ್ದಕ್ಕಲ್ಲ, ಅಮ್ಮ

ಪ್ರಶ್ನೆ: ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮಗಳು ಬಸಿರಾದಳು. ಮಗುವಾದರೆ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದೆ. ಅವಳಿ ಮಕ್ಕಳು. 30 ವಾರಕ್ಕೇ ನೀರು ಒಡೆದು ಹೆರಿಗೆ ಆಯಿತು. ಹೆಣ್ಣು 1,250 ಗ್ರಾಂ, ಗಂಡು 1,050 ಗ್ರಾಂ. ಇಬ್ಬರೂ ಎನ್‌ಐಸಿಯುನಲ್ಲಿ (ಎಳೆಗೂಸುಗಳ ತೀವ್ರ ನಿಗಾ ಘಟಕ) ಇದ್ದಾರೆ. ಹರಕೆ ತೀರಿಸದೆ ಸೀಮಂತ ಮಾಡಿದ್ದಕ್ಕೇ ಹೀಗಾಯಿತು ಅಂತ ಬೀಗಿತ್ತಿ ದಿನಾ ಫೋನ್ ಮಾಡಿ ಹೇಳುತ್ತಾರೆ. ನಾನು ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಪ್ರಸಾದ ತಂದರೆ ಮಗಳು ಮುಟ್ಟಲಿಲ್ಲ. 'ಇಷ್ಟು ದಿನ ನಿನ್ನ ದೇವರು ಎಲ್ಲಿದ್ದ?' ಅಂದಳು. ಬಾಣಂತಿ ಹೊರಗೆ ಓಡಾಡಬೇಡ ಅಂದರೂ ಕೇಳುವುದಿಲ್ಲ. ತಪ್ಪು ನನ್ನದಾ? ಪೂಜೆ ಬಿಟ್ಟುಬಿಡಲಾ?
- ಒಬ್ಬ ಅಜ್ಜಿ, ಬಸವನಗುಡಿ

ಉತ್ತರ: ಅಮ್ಮ, ತಪ್ಪು ನಿಮ್ಮದಲ್ಲ. ಮಗಳದ್ದೂ ಅಲ್ಲ. ಅವಳಿ ಬಸಿರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆಗಳು 37 ವಾರ ತುಂಬುವ ಮೊದಲೇ ಆಗುತ್ತವೆ. ಇಬ್ಬರು ಬೆಳೆಯುವಾಗ ಗರ್ಭಕೋಶ ಜಾಸ್ತಿ ಹಿಗ್ಗುತ್ತದೆ, ಕೆಲವರಿಗೆ ಸೋಂಕು, ಕೆಲವರಿಗೆ ಬಿಪಿ, ಇನ್ನೆಷ್ಟೋ ಸಲ ಡಾಕ್ಟರಿಗೂ ಕಾರಣ ಸಿಗುವುದಿಲ್ಲ. ಹರಕೆ ತೀರಿಸಿ ಬಂದವರ ಮನೆಯಲ್ಲೂ ಆಗುತ್ತದೆ, ದೇವರನ್ನೇ ನಂಬದವರ ಮನೆಯಲ್ಲೂ ಆಗುತ್ತದೆ. ಅಷ್ಟಕ್ಕೂ ನೀವು ಹೊತ್ತಿದ್ದು 'ಮಗುವಾದರೆ' ಎಂಬ ಹರಕೆ ಅಲ್ವಾ? ಮಕ್ಕಳು ಈಗ ತಾನೇ ಹುಟ್ಟಿದ್ದಾರೆ. ಬಾಕಿ ಎಲ್ಲಿಂದ ಬಂತು?

ಪೂಜೆ ಬಿಡಬೇಡಿ. ಇಂಥ ಹೊತ್ತಲ್ಲಿ ನಿಮ್ಮನ್ನು ನಿಲ್ಲಿಸಿರುವುದೇ ಅದು, ಯಾರಿಗೋ ಸಿಟ್ಟು ಬಂತು ಅಂತ ಅದನ್ನು ಬಿಟ್ಟರೆ ನೀವೂ ಕುಸಿಯುತ್ತೀರಿ, ಆಗ ಆ ಮನೆ ನೋಡಿಕೊಳ್ಳುವವರು ಯಾರು? ಆದರೆ ಒಂದು ಮಾತು. ಮಂಗಳವಾರ ರಾಹುಕಾಲ ಮಧ್ಯಾಹ್ನ 3ರಿಂದ 4.30. ಆ ಹೊತ್ತಿನಲ್ಲಿ ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬಳೇ ಕೂತಿರುವುದಾದರೆ, ದೀಪ ಮುಂದಿನ ವಾರ ಹಚ್ಚಿ.

ಅವಳು ದೇವರು ಎಲ್ಲಿದ್ದ ಅಂತ ಕೇಳಿದ್ದಕ್ಕೆ ಉತ್ತರ ಹುಡುಕಲು ಹೋಗಬೇಡಿ. ಕರ್ಮ, ಗ್ರಹಚಾರ, ಪರೀಕ್ಷೆ ಅಂತ ಏನು ಹೇಳಿದರೂ ಅವಳ ಕಿವಿಗೆ ಅದು 'ನಿನ್ನಿಂದಲೇ ಆಯಿತು' ಅಂತಲೇ ಬೀಳುತ್ತದೆ, ಯಾಕೆಂದರೆ ತನ್ನ ಮೈ ಮಕ್ಕಳನ್ನು ಹೊತ್ತು ನಿಲ್ಲಲಿಲ್ಲ ಅಂತ ಅವಳು ಆಗಲೇ ಒಳಗೊಳಗೆ ತನ್ನನ್ನೇ ಬೈದುಕೊಳ್ಳುತ್ತಿರುತ್ತಾಳೆ. 'ನಂಗೂ ಗೊತ್ತಿಲ್ಲ ಕಣೇ' ಅನ್ನಿ. ಪಕ್ಕದಲ್ಲಿ ಕೂತುಕೊಳ್ಳಿ. ಸಾಕು. ನಾಳೆ ಮಕ್ಕಳು ಚೇತರಿಸಿಕೊಂಡಾಗಲೂ 'ನೋಡು, ನನ್ನ ದೇವರೇ ಉಳಿಸಿದ' ಅಂತ ಅವಳ ಮುಂದೆ ಗೆದ್ದವರ ಹಾಗೆ ಹೇಳಬೇಡಿ. ನಿಮ್ಮ ಕೃತಜ್ಞತೆ ದೇವರ ಮನೆಯಲ್ಲಿ ಎಷ್ಟು ಬೇಕಾದರೂ ಹೇಳಿಕೊಳ್ಳಿ. ರಾತ್ರಿಯಿಡೀ ನಿಂತ ನರ್ಸ್‌ಗಳಿಗೂ ಒಂದು ಮಾತು ಹೇಳಿ.

ಇನ್ನು ಬಾಣಂತನ. ಇಲ್ಲಿ ನಾನು ಪೂರ್ತಿ ನಿಮ್ಮ ಮಗಳ ಕಡೆ. ಅವಳು ಆಸ್ಪತ್ರೆಗೆ ಹೋಗಲೇಬೇಕು. 30 ವಾರಕ್ಕೆ ಹುಟ್ಟಿದ ಮಗುವಿಗೆ ಚೀಪಿ ನುಂಗುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಹಾಲನ್ನು ಸಣ್ಣ ನಳಿಕೆಯಲ್ಲಿ ಹೊಟ್ಟೆಗೆ ಬಿಡುತ್ತಾರೆ. ಆ ಹಾಲು ತಾಯಿಯದ್ದೇ ಆದರೆ ಕರುಳಿನ ದೊಡ್ಡ ಕಾಯಿಲೆ ಬರುವ ಭಯ ಎಷ್ಟೋ ಕಡಿಮೆ. ಅದಕ್ಕೆ ಅವಳು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಹಾಲು ಹಿಂಡಿ ತೆಗೆಯಬೇಕು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿ ಕಳಿಸಿ, ಬೇಡ ಅಂದವರು ಯಾರು? ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಹಾಕಿ ಬಿಸಿ ಊಟ ಮಾಡಿ ಡಬ್ಬಿ ಕಟ್ಟಿಕೊಡಿ. ಸಾಧ್ಯವಾದರೆ ನೀವೇ ಆಟೋದಲ್ಲಿ ಜೊತೆಗೆ ಹೋಗಿ.

ಹೋದಾಗ ಡಾಕ್ಟರನ್ನು ಒಂದು ಕೇಳಿ: 'ಕಾಂಗರೂ ಕೇರ್ ನಾನೂ ಮಾಡಬಹುದಾ?' 1978ರಲ್ಲಿ ಕೊಲಂಬಿಯಾದ ಬೊಗೊಟಾ ಊರಿನಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಅಲ್ಲಿನ ಡಾಕ್ಟರೊಬ್ಬರು ಕೂಸುಗಳನ್ನು ತಾಯಿಯ ಬರೀ ಎದೆಗೆ ಒತ್ತಿ ಕಟ್ಟಿಸಿದರು. ಅಲ್ಲಿಂದ ಶುರುವಾಗಿದ್ದು ಇದು. ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಜಾಸ್ತಿ ಹೊತ್ತು ಹೀಗೆ ಇಟ್ಟುಕೊಳ್ಳಬೇಕು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮಕ್ಕಳು ಇಬ್ಬರು, ತಾಯಿ ಒಬ್ಬಳು. ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯ ಎದೆಯೂ ಆಗುತ್ತದೆ. ಎಲ್ಲ ಆಸ್ಪತ್ರೆಗಳೂ ಅಜ್ಜಿಯನ್ನು ಒಳಗೆ ಬಿಡುವುದಿಲ್ಲ. ಆದರೂ ಕೇಳಿ. ಬಿಟ್ಟರೆ ಬಳೆ, ಉಂಗುರ ತೆಗೆದು ಮೊಣಕೈವರೆಗೆ ಕೈ ತೊಳೆದು ಹೋಗಿ. ಕೂಸು ಎದೆ ಮೇಲಿರುವಾಗ ಮನಸ್ಸಿನಲ್ಲೇ ಸುಬ್ರಹ್ಮಣ್ಯನ ಸ್ತೋತ್ರ ಹೇಳಿಕೊಳ್ಳಿ. ಯಾರಿಗೂ ತೊಂದರೆಯಿಲ್ಲ, ಮಗಳಿಗೂ ಇಲ್ಲ.

ವಿಭೂತಿ, ತಾಯತ, ದೃಷ್ಟಿ ದಾರ ಮಾತ್ರ ಎನ್‌ಐಸಿಯು ಒಳಗೆ ಬೇಡ. ಆ ಚರ್ಮ ತುಂಬಾ ತೆಳು, ಸೋಂಕು ಬೇಗ ತಗಲುತ್ತದೆ. ದೇವರ ಮನೆಯಲ್ಲಿ ಮಕ್ಕಳ ಹೆಸರಲ್ಲಿ ಇಟ್ಟುಬಿಡಿ. ಮನೆಗೆ ಬಂದ ಮೇಲೂ ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಕಣ್ಣಿಗೆ ಕಾಡಿಗೆ ಬೇಡ. ಜೇನಂತೂ ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಕೊಡಬಾರದು.

ಕಣ್ಣಿನ ವಿಷಯ ಬಂದಿದ್ದಕ್ಕೆ ಇದನ್ನು ನೀವೇ ನೆನಪಿಟ್ಟುಕೊಳ್ಳಿ, ಮಗಳಿಗೆ ಈಗ ತಲೆ ನಿಲ್ಲುವುದಿಲ್ಲ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ತಡವಾದರೆ ಕುರುಡುತನ ಬರುವ ಅಪಾಯವಿದೆ, ಸಮಯಕ್ಕೆ ಗೊತ್ತಾದರೆ ಚಿಕಿತ್ಸೆಯಿದೆ. ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ ಕಿಡ್ರಾಪ್ ಕಾರ್ಯಕ್ರಮ ಇದೇ ಪರೀಕ್ಷೆಯನ್ನು ಜಿಲ್ಲೆ ಜಿಲ್ಲೆಗೂ ಒಯ್ದಿತು, ಹಾಗಾಗಿ ದಿನಾಂಕ ಯಾವಾಗ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಲಸಿಕೆ ಹುಟ್ಟಿದ ದಿನದ ಲೆಕ್ಕಕ್ಕೇ ಹಾಕುತ್ತಾರೆ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದಕ್ಕೆ ಮಾತ್ರ ಡಾಕ್ಟರ್ ಮೊದಲು ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಎಣಿಸಿ. ಅಂದರೆ ಮಕ್ಕಳ ವಯಸ್ಸಿನಲ್ಲಿ ಹತ್ತು ವಾರ ಕಳೆದು ಲೆಕ್ಕ ಹಾಕಿ. ಇಬ್ಬರನ್ನು ಹೋಲಿಸಲೂ ಬೇಡಿ. ಒಬ್ಬರು ಮೊದಲು ಮನೆಗೆ ಬಂದು ಇನ್ನೊಬ್ಬರು ಅಲ್ಲೇ ಉಳಿಯಬಹುದು, ಆಗ ನಿಮ್ಮ ಮಗಳಿಗೆ ಎರಡು ಕಡೆ ಎಳೆತ. ಅವತ್ತು ನೀವು ತುಂಬಾ ಬೇಕಾಗುತ್ತೀರಿ.

ಮಗಳನ್ನೂ ಗಮನಿಸಿ. ಸಿಟ್ಟು ಪರವಾಗಿಲ್ಲ. ಆದರೆ ಎರಡು ವಾರ ಕಳೆದರೂ ಊಟ ಬೇಡ, ನಿದ್ದೆಯಿಲ್ಲ, ಮಕ್ಕಳ ಮುಖ ನೋಡಲೂ ಮನಸ್ಸಿಲ್ಲ ಅಂದರೆ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ನಿಮ್ಹಾನ್ಸ್‌ನಲ್ಲಿ ಬಾಣಂತಿಯರಿಗೇ ಅಂತ ಬೇರೆ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ನಾಮಕರಣ, ತೊಟ್ಟಿಲು ಶಾಸ್ತ್ರ ಎಲ್ಲ ಇಬ್ಬರೂ ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ. ನಿಮ್ಮ ಪುರೋಹಿತರನ್ನು ಕೇಳಿದರೆ ಮುಂದಿನ ಮುಹೂರ್ತ ನೋಡಿಕೊಡುತ್ತಾರೆ. ಘಾಟಿಗೂ ಆತುರವಿಲ್ಲ. ಆ ಗುಂಪಿನ ನಡುವೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು ಅಂತ ಡಾಕ್ಟರ್ ಹೇಳಲಿ. ಮಗಳು ಬರುವುದಿಲ್ಲ ಅಂದರೆ ಬಲವಂತ ಬೇಡ, ಹರಕೆ ಹೊತ್ತವರು ನೀವು, ನೀವೇ ಹೋಗಿ ತೀರಿಸಿ ಬನ್ನಿ.

ಬೀಗಿತ್ತಿಯ ಫೋನ್ ಬಂದಾಗ ವಾದ ಮಾಡಬೇಡಿ. ಅವರಿಗೂ ಭಯವಾಗಿದೆ. 'ಇವತ್ತು ಮಕ್ಕಳ ತೂಕ ಇಷ್ಟು, ಹಾಲು ಇಷ್ಟು ಕುಡಿದರು' ಅಂತ ಹೇಳಿ. ಹರಕೆ ಮಾತು ಮತ್ತೆ ತೆಗೆದರೆ ಅಳಿಯನ ಕೈಗೆ ಫೋನ್ ಕೊಡಿ. ತನ್ನ ತಾಯಿಗೆ ಇದನ್ನು ಹೇಳಬೇಕಾದವನು ಅವನು.