ಭಾಗಿಸುವ ಸಂಖ್ಯೆ ಸಿಗದಿದ್ದರೂ ಅವಿಭಾಜ್ಯ ಅಲ್ಲ ಅನ್ನೋದು ಹೇಗೆ?

ಪ್ರಶ್ನೆ: 2ರ 10,48,576ನೇ ಘಾತಕ್ಕೆ 1 ಕೂಡಿಸಿದರೆ ಬರುವುದು ಸಂಯುಕ್ತ ಸಂಖ್ಯೆ, ಆದರೆ ಅದರ ಒಂದು ಅಪವರ್ತನವೂ ಯಾರಿಗೂ ಗೊತ್ತಿಲ್ಲ ಅಂತ ಓದಿದೆ. ಯಾವುದರಿಂದ ಭಾಗವಾಗುತ್ತೆ ಅಂತಲೇ ಗೊತ್ತಿಲ್ಲದಿದ್ದರೆ ಅದು ಅವಿಭಾಜ್ಯ ಅಲ್ಲ ಅಂತ ಹೇಗೆ ಹೇಳುತ್ತಾರೆ? ಇದು ಬರೀ ಊಹೆ ಅಲ್ವಾ?

ಉತ್ತರ: ಊಹೆ ಅಲ್ಲ, ಪೂರ್ತಿ ಸಾಬೀತಾದ ಮಾತು. ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು, ಯಾಕೆಂದರೆ ಶಾಲೆಯಲ್ಲಿ ನಾವು ಕಲಿತದ್ದು ಒಂದೇ ದಾರಿ: 2, 3, 5, 7 ಅಂತ ಭಾಗಿಸುತ್ತಾ ಹೋಗುವುದು. ಇನ್ನೊಂದು ದಾರಿಯೂ ಇದೆ.

ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಒಂದು ನಿಯಮ ಹೇಳಿದ. ಒಂದು ಸಂಖ್ಯೆ ಅವಿಭಾಜ್ಯವಾಗಿದ್ದು 2 ಅಲ್ಲದಿದ್ದರೆ, 2ರ ಘಾತವಾಗಿ ಅದಕ್ಕಿಂತ 1 ಕಡಿಮೆ ಇಟ್ಟು, ಬಂದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 91 ತಗೊಳ್ಳಿ. 2ರ 12ನೇ ಘಾತ 4096, 91ರ 45 ಪಟ್ಟು 4095, ಹಾಗಾಗಿ ಶೇಷ 1. 90ರಲ್ಲಿ ಏಳು ಹನ್ನೆರಡು ಹೋದರೆ 6 ಉಳಿಯುತ್ತದೆ, ಅಂದರೆ 2ರ 90ನೇ ಘಾತದ ಶೇಷ 2ರ 6ನೇ ಘಾತವೇ, 64. ಬರಬೇಕಿದ್ದದ್ದು 1, ಬಂದದ್ದು 64. ಅಲ್ಲಿಗೆ ಮುಗಿಯಿತು, 91 ಅವಿಭಾಜ್ಯ ಅಲ್ಲ. ಈ ಲೆಕ್ಕದಲ್ಲಿ 7 ಆಗಲಿ 13 ಆಗಲಿ ಎಲ್ಲೂ ಬರಲಿಲ್ಲ, ಗಮನಿಸಿ.

ಆದರೆ ಶೇಷ 1 ಬಂದ ಮಾತ್ರಕ್ಕೆ ಅವಿಭಾಜ್ಯ ಅಂತ ಹೇಳೋ ಹಾಗಿಲ್ಲ. 341 ಅಂದರೆ 11×31, ಆದರೂ 2 ಇಟ್ಟು ನೋಡಿದರೆ ಶೇಷ 1 ಬರುತ್ತದೆ. 2ರ ಬದಲು 3 ಇಟ್ಟರೆ 56 ಬಂದು ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಸಂಖ್ಯೆಗೆ ಬರೋಣ. ಅದರಲ್ಲಿ 3,15,653 ಅಂಕಿಗಳಿವೆ. 3, 5, 17, 257, 65,537 ಇರುವ ಸಾಲಿಗೇ ಇದೂ ಸೇರುತ್ತದೆ, ಫರ್ಮಾ ಸಂಖ್ಯೆಗಳು ಅಂತ ಅವುಗಳ ಹೆಸರು. ಈ ಸಾಲಿನವೆಲ್ಲ ಅವಿಭಾಜ್ಯ ಅಂತ ಫರ್ಮಾ ನಂಬಿದ್ದ, ಆದರೆ 1732ರಲ್ಲಿ ಆಯ್ಲರ್ ಅದರ ಮುಂದಿನ ಸಂಖ್ಯೆ 4,29,49,67,297 ಅಂದರೆ 641×67,00,417 ಅಂತ ತೋರಿಸಿದ. ಈ ಸಂಖ್ಯೆಗಳ ಮೇಲೆ 2 ಇಟ್ಟು ಪರೀಕ್ಷೆ ಮಾಡಿ ಪ್ರಯೋಜನವೇ ಇಲ್ಲ. ಅವೆಲ್ಲ 2ರ ಘಾತಕ್ಕೆ 1 ಕೂಡಿಸಿ ಮಾಡಿದವು, ಆ ಘಾತವೂ 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತಾ ಹೋಗುವ ಸಂಖ್ಯೆಯೇ, ಹಾಗಾಗಿ ಅವಿಭಾಜ್ಯವಾಗಲಿ ಬಿಡಲಿ, ಯಾವಾಗಲೂ ಶೇಷ 1 ಬಂದುಬಿಡುತ್ತದೆ. ಅದಕ್ಕೇ 3 ಬೇಕು. ಪೆಪಿನ್ 1877ರಲ್ಲಿ ಕೊಟ್ಟ ಪರೀಕ್ಷೆ ಹೀಗಿದೆ: 3ನ್ನು ವರ್ಗ ಮಾಡಿ, ನಿಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷ ಮಾತ್ರ ಇಟ್ಟುಕೊಳ್ಳಿ, ಅದನ್ನು ಮತ್ತೆ ವರ್ಗ ಮಾಡಿ, ಹೀಗೆ 10,48,575 ಸಲ. ಕೊನೆಗೆ ನಿಮ್ಮ ಸಂಖ್ಯೆಗಿಂತ 1 ಕಡಿಮೆ ಶೇಷ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 341ರ ತರಹದ ಮೋಸ ಇಲ್ಲಿ ನಡೆಯುವುದಿಲ್ಲ, ಎರಡೂ ಕಡೆಗೆ ಖಚಿತ. 1987ರಲ್ಲಿ ಜೆಫ್ ಯಂಗ್ ಮತ್ತು ಡಂಕನ್ ಬ್ಯುಯೆಲ್ ಸೂಪರ್ ಕಂಪ್ಯೂಟರಿನಲ್ಲಿ ಇದನ್ನು ಮಾಡಿ ನೋಡಿದರು. ಬರಲಿಲ್ಲ.

ಈ ಪರೀಕ್ಷೆ "ಅಲ್ಲ" ಅಂತ ಮಾತ್ರ ಹೇಳುತ್ತದೆ, ಯಾಕೆ ಅಲ್ಲ ಅಂತ ಹೇಳುವುದಿಲ್ಲ. ಅಪವರ್ತನ ಹುಡುಕುವ ಕೆಲಸ ಬೇರೆಯೇ, ಅದು ಬಹಳ ಜಾಸ್ತಿ ಕಷ್ಟ. ಆದರೂ ಸುಮ್ನೆ ಎಲ್ಲ ಸಂಖ್ಯೆಗಳನ್ನೂ ಪ್ರಯತ್ನಿಸಬೇಕಾಗಿಲ್ಲ. ನಿಮ್ಮ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆ 41,94,304ರ ಅಪವರ್ತ್ಯಕ್ಕೆ 1 ಕೂಡಿಸಿದಂತೆಯೇ ಇರಬೇಕು, ಅದಕ್ಕೆ ಪುರಾವೆ ಇದೆ. ಹಾಗಾಗಿ ಹುಡುಕುವವರು ಅಂಥವನ್ನು ಮಾತ್ರ ಒಂದೊಂದಾಗಿ ಇಟ್ಟು ನೋಡುತ್ತಾರೆ. ಇಷ್ಟೆಲ್ಲ ಹುಡುಕಿದರೂ ಅವರಿಗೆ ಒಂದೂ ಸಿಕ್ಕಿಲ್ಲ.